ಇನ್ನೂ ಸ್ವಲ್ಪ ಮೇಲೆ

ಆ ಶನಿವಾರ ಎದ್ದಾಗಿನಿಂದ ಪೆರ್ಫೆಕ್ತಾಳ ಕಾಲು ಒಂದು ಕಡೆ ನಿಂತಿರಲಿಲ್ಲ. ಒಲೆಗೆ ಸೌದೆ ಒಟ್ಟಿದಳು. ಅಂಗಳದಲ್ಲಿ ಒಣಗಲು ತೂಗಿಬಿಟ್ಟಿದ್ದ ಕೆಂಪು ಮೆಣಸಿನಕಾಯಿಯ ಸರಗಳನ್ನು ಸುಮ್ಮಸುಮ್ಮನೆ ಈ ಗೂಟದಿಂದ ಆ ಗೂಟಕ್ಕೆ ಬದಲಾಯಿಸಿದಳು. ನಾಯಿಗೆ ಎರಡು ಸಲ ಊಟ ಹಾಕಿದಳು. ಸೊಸೆ ಸೆನಾಯ್ದಾ ಅಡಿಗೆಮನೆಯ ಬಾಗಿಲಿಗೆ ಒರಗಿ, ಕಾಫಿ ಲೋಟ ಎರಡೂ ಕೈಯಲ್ಲಿ ಹಿಡಿದು ಇದನ್ನೆಲ್ಲ ನೋಡುತ್ತಿದ್ದಳು.

"ಅತ್ತೆ, ಒಂದು ಗಳಿಗೆ ಕೂತ್ಕೊಳ್ಳಿ. ನಿಮ್ಮ ಹತ್ರ ಒಂದು ಮಾತು ಹೇಳಬೇಕು."

"ಮಾತೆಲ್ಲ ಆಮೇಲೆ. ಬೂಟು ಹಾಕ್ಕೊ, ಬೆಟ್ಟಕ್ಕೆ ಹೋಗೋಣ. ಎಲೆ ಹಣ್ಣಾಗಿದೆ, ಈ ವಾರ ಬಿಟ್ರೆ ಒಂದು ಗಾಳಿಗೆ ಎಲ್ಲ ಉದುರಿಹೋಗುತ್ತೆ."

"ಹೋಗೋಣ. ಅದಕ್ಕೆ ಮುಂಚೆ..."

"ಬಿಸಿಲು ಏರೋಕೆ ಮುಂಚೆ!" ಎಂದು ಪೆರ್ಫೆಕ್ತಾ ಹಿತ್ತಲಿಗೆ ಹೋಗಿಬಿಟ್ಟಳು. ಅಲ್ಲಿ ಅವಳಿಗೆ ಏನೂ ಕೆಲಸವಿರಲಿಲ್ಲ.

ಆ ಮಾತು ಯಾವುದೆಂದು ಅವಳಿಗೆ ಗೊತ್ತಿತ್ತು, ಅಥವಾ ಗೊತ್ತಿದೆ ಅಂದುಕೊಂಡಿದ್ದಳು. ಅದಕ್ಕೊಂದು ಹೆಸರೂ ಇತ್ತು: ಎಲ್ಫೇಗೊ. ಬೆಟ್ಟದ ಹಳ್ಳಿಗಳಿಗೆಲ್ಲ ಲಾರಿಯಲ್ಲಿ ಗ್ಯಾಸ್ ತಂದು ಮನೆಮನೆಯ ಟ್ಯಾಂಕಿಗೆ ತುಂಬುವವನು. ನಲವತ್ತರ ಆಸುಪಾಸು, ದಪ್ಪ ಮೀಸೆ, ಒಳಗೆ ಬಂದರೆ ಟೋಪಿ ತೆಗೆಯುವ ಜಾತಿಯವನು. ಹೋದ ಚಳಿಗಾಲದಿಂದ ಅವನು ಟ್ಯಾಂಕು ಅರ್ಧ ಇರುವಾಗಲೇ ಬರತೊಡಗಿದ್ದ. ಪೈಪು ಸುತ್ತಿಟ್ಟು ಕಾಫಿಗೆ ಕೂತರೆ ಏಳುತ್ತಿರಲಿಲ್ಲ. ಸೆನಾಯ್ದಾ ಅವನು ಬರುವ ದಿನ ಕೂದಲನ್ನು ಬೇರೆ ಥರ ಕಟ್ಟುತ್ತಿದ್ದಳು. ಇದನ್ನು ಕಂಡ ಪೆರ್ಫೆಕ್ತಾ ಗ್ಯಾಸ್ ಒಲೆಯನ್ನು ಆರಿಸಿಟ್ಟು, ಹಳೆಯ ಕಬ್ಬಿಣದ ಸೌದೆ ಒಲೆ ಹೊರತೆಗೆದಳು. ಗ್ಯಾಸ್ ಖರ್ಚೇ ಆಗದಿದ್ದರೆ ಅವನು ಯಾವ ಮುಖ ಇಟ್ಟುಕೊಂಡು ಬರುತ್ತಾನೆ? ಬೇಸಿಗೆಯುದ್ದಕ್ಕೂ ಹೊಗೆಯಲ್ಲಿ ಕಣ್ಣು ಉಜ್ಜಿಕೊಳ್ಳುತ್ತ ಬೀನ್ಸ್ ಬೇಯಿಸಿದಳು. ಅವನು ಆಗಲೂ ಬಂದ. ಪೈಪಿನ ಮುಚ್ಚಳ ಸಡಿಲವಾಗಿದೆಯೇ ನೋಡಲು ಬಂದೆ ಎಂದ.

ಸೆನಾಯ್ದಾ ಪೆರ್ಫೆಕ್ತಾಳ ಒಬ್ಬನೇ ಮಗ ಸೆಲ್ಸೊನ ಹೆಂಡತಿ. ಸೆಲ್ಸೊ ಹೋಗಿ ನಾಲ್ಕು ಚಳಿಗಾಲ ಕಳೆದಿತ್ತು. ನದಿ ಕಣಿವೆಯ ರಸ್ತೆಯಲ್ಲಿ, ನೀರು ಹೆಪ್ಪುಗಟ್ಟಿದ ತಿರುವಿನಲ್ಲಿ, ಅವನ ಪಿಕಪ್ ಜಾರಿ ಕೆಳಗೆ ಬಿದ್ದಿತ್ತು. ಮಕ್ಕಳಿರಲಿಲ್ಲ. ಮಣ್ಣು ಮಾಡಿ ಬಂದ ಮೇಲೆ ಹುಡುಗಿ ಗಂಟುಮೂಟೆ ಕಟ್ಟುತ್ತಾಳೆ ಎಂದು ಪೆನ್ಯಾಸ್ಕೊ ಊರೆಲ್ಲ ಅಂದುಕೊಂಡಿತ್ತು. ಅವಳು ಕಟ್ಟಲಿಲ್ಲ. ಪೆರ್ಫೆಕ್ತಾ ಶಾಲೆಯ ಅಡಿಗೆಮನೆಗೆ, ಇವಳು ಟಾವೊಸ್ ಪಟ್ಟಣದ ಆಸ್ಪತ್ರೆಗೆ ಕೆಲಸಕ್ಕೆ. ಸಂಜೆ ಇಬ್ಬರೂ ಒಂದೇ ಮೇಜಿಗೆ. ಜಗಳವಿಲ್ಲ, ಮುಖ ಊದಿಸಿಕೊಳ್ಳುವುದಿಲ್ಲ. ಅತ್ತೆ ಸೊಸೆ ಅಂದ್ರೆ ಹೀಗಿರಬೇಕು ಎಂದು ಚರ್ಚಿನಲ್ಲಿ ಹೆಂಗಸರು ಬೇರೆ ಸೊಸೆಯಂದಿರಿಗೆ ಕೇಳಿಸುವಂತೆ ಆಡಿಕೊಳ್ಳುತ್ತಿದ್ದರು.

ಅಂತೂ ಹೊರಟರು. ದಾರಿಯುದ್ದಕ್ಕೂ ಪೆರ್ಫೆಕ್ತಾ ರೇಡಿಯೋ ಜೋರಾಗಿ ಹಾಕಿದ್ದಳು. ಸೆನಾಯ್ದಾ ಅದನ್ನು ತಗ್ಗಿಸಿದಾಗಲೆಲ್ಲ, "ಅಯ್ಯೋ, ಇದು ನನಗೆ ಇಷ್ಟದ ಹಾಡು" ಎಂದು ಮತ್ತೆ ಏರಿಸಿದಳು. ಜಾಹೀರಾತಿಗೂ ಹಾಗೇ ಅಂದಳು.

ಮಣ್ಣಿನ ರಸ್ತೆ ಮುಗಿಯುವಲ್ಲಿ ಗಾಡಿ ನಿಲ್ಲಿಸಿ ಹತ್ತತೊಡಗಿದರು. ಕೆಳಗೆ ಬಯಲು ಬೂದಿ ಬಣ್ಣಕ್ಕೆ ಒಣಗಿ ಬಿದ್ದಿತ್ತು. ದೂರದಲ್ಲಿ ನದಿಯ ಕಮರಿ ಒಡೆದ ಹಿಮ್ಮಡಿಯ ಬಿರುಕಿನ ಹಾಗೆ ಕಾಣುತ್ತಿತ್ತು. ಮೊದಲು ಪೈನ್ ಮರಗಳು, ಅವುಗಳ ತೊಗಟೆಗೆ ಬಿಸಿಲು ತಾಗಿ ಬೆಲ್ಲದ ಪಾಕದಂಥ ವಾಸನೆ. ಆಮೇಲೆ ಒಂದು ತಿರುವು ದಾಟಿದ್ದೇ ಆಸ್ಪೆನ್ ಮರಗಳು ಶುರುವಾದವು. ಬಿಳಿ ಕಾಂಡ, ಮೇಲೆ ಹಳದಿ, ಕೆಳಗೆ ಹಳದಿ, ನಡೆಯುವವರ ಕೈಮೇಲೂ ಹಳದಿ ಬೆಳಕು. ಗಾಳಿ ಇರಲಿಲ್ಲ, ಆದರೂ ಒಂದೊಂದು ಎಲೆಯೂ ತೊಟ್ಟಿನ ಮೇಲೆ ಹೊಯ್ದಾಡುತ್ತಿತ್ತು. ಬೇರೆ ವರ್ಷಗಳಲ್ಲಿ ಪೆರ್ಫೆಕ್ತಾ ಇಲ್ಲಿ ಬಂದು ಬಾಯಿ ತೆರೆದು ನಿಂತುಬಿಡುತ್ತಿದ್ದಳು. ಈ ಸಲ ನಿಲ್ಲದೆ ಮುಂದೆ ನಡೆದಳು.

"ಇಲ್ಲೇ ಕೂರೋಣ ಅತ್ತೆ. ಪ್ರತಿ ವರ್ಷ ಇಲ್ಲೇ ಕೂರ್ತೀವಲ್ಲ." ಸೆನಾಯ್ದಾ ಬಿದ್ದ ಮರದ ದಿಮ್ಮಿಯ ಮೇಲೆ ಕೂತು ಚೀಲದಿಂದ ಬುತ್ತಿ ತೆಗೆದಳು. ಆಲೂಗಡ್ಡೆ, ಸುಟ್ಟ ಹಸಿಮೆಣಸಿನಕಾಯಿ ತುಂಬಿ ಸುತ್ತಿದ ರೊಟ್ಟಿ.

"ಇದೇನು ಎಲೆ, ಇನ್ನೂ ಅರ್ಧ ಹಸಿರು. ಇನ್ನೂ ಸ್ವಲ್ಪ ಮೇಲೆ ಹೋದ್ರೆ ಪೂರ್ತಿ ಚಿನ್ನ."

ಒಂದೂ ಹಸಿರೆಲೆ ಇರಲಿಲ್ಲ. ಸೆನಾಯ್ದಾ ತಲೆಯೆತ್ತಿ ಮರ ನೋಡಿದಳು, ಅತ್ತೆಯನ್ನು ನೋಡಿದಳು, ರೊಟ್ಟಿಯನ್ನು ಚೀಲಕ್ಕೆ ವಾಪಸು ಹಾಕಿದಳು.

ಇನ್ನೊಂದು ಏರು ಹತ್ತಿದರು. ಅಲ್ಲಿಯೂ ಕೂರಲು ಪೆರ್ಫೆಕ್ತಾ ಒಪ್ಪಲಿಲ್ಲ. ಇರುವೆ ಗೂಡಿದೆ ಎಂದಳು. ಅರವತ್ತಮೂರರ ಹೆಂಗಸು, ಮೈಯಲ್ಲಿ ಭಾರ, ಏದುಸಿರು ಬರುತ್ತಿತ್ತು. ಆದರೆ ಹಿಂದಿನಿಂದ ಸೊಸೆಯ ಹೆಜ್ಜೆ ಹತ್ತಿರವಾದಷ್ಟೂ ಅವಳ ಹೆಜ್ಜೆ ಬಿರುಸಾಯಿತು. ಮಾತೊಂದು ಬೆನ್ನಟ್ಟಿ ಬರುತ್ತಿತ್ತು. ನಿಂತರೆ ಹಿಡಿಯುತ್ತದೆ.

"ಎಲ್ಲಿಗೆ ಹೋಗ್ತಿದೀವಿ ಅಂತಾದ್ರೂ ಹೇಳಿ!" ಸೆನಾಯ್ದಾ ಕೆಳಗಿನಿಂದ ಕೂಗಿದಳು.

ಪೆರ್ಫೆಕ್ತಾಳಿಗೆ ತಟ್ಟನೆ ಒಂದು ನೆಪ ಹೊಳೆಯಿತು. "ನಮ್ಮಪ್ಪನ ಹೆಸರು ನೋಡೋಕೆ! ಮೇಲೆ ದುಂಡು ಹುಲ್ಲುಗಾವಲು ಇದೆಯಲ್ಲ, ಅಲ್ಲಿ ಕುರಿ ಕಾಯುವಾಗ ಒಂದು ಮರದ ಮೇಲೆ ಹೆಸರು ಕೆತ್ತಿದ್ದ. ಸಾಯೋದ್ರೊಳಗೆ ಒಂದ್ಸಲ ನೋಡಬೇಕು."

"ಇಷ್ಟು ವರ್ಷ ಹೇಳೇ ಇಲ್ಲ?"

"ನೀನು ಕೇಳ್ಲೇ ಇಲ್ಲ."

ಇಂಥ ಮಾತಿಗೆ ಬೇಡ ಅನ್ನುವುದು ಯಾವ ಸೊಸೆಗೆ ಸಾಧ್ಯ? ಸೆನಾಯ್ದಾ ಚೀಲ ಹೆಗಲಿಗೇರಿಸಿ ನಡೆದಳು. ಕುರುಬರು ಕೆತ್ತಿದ ಹೆಸರುಗಳು ಆ ಕಾಡಿನಲ್ಲಿ ಅಲ್ಲಲ್ಲಿ ಇದ್ದದ್ದೂ ನಿಜ. ಬಿಳಿ ತೊಗಟೆಯ ಮೇಲೆ ಹಳೆಯ ಗಾಯದ ಹಾಗೆ ಉಬ್ಬಿ ಕಪ್ಪಾಗಿದ್ದವು. ಅವಳು ಒಂದೊಂದರ ಮುಂದೆಯೂ ನಿಂತು ಬೆರಳಾಡಿಸಿ ಓದಿದಳು. "ಇದಾ? ಅಲ್ಲ, ಇದು ಬೇರೆ ಯಾರೋ." ಅವಳು ಅಷ್ಟು ಶ್ರದ್ಧೆಯಿಂದ ಹುಡುಕುವುದನ್ನು ಕಂಡು ಪೆರ್ಫೆಕ್ತಾಳಿಗೆ ಕಸಿವಿಸಿಯಾಯಿತು. ಆದರೂ, "ಇನ್ನೂ ಸ್ವಲ್ಪ ಮೇಲೆ" ಎಂದಳು.

ಹುಲ್ಲುಗಾವಲು ತಲುಪುವ ಹೊತ್ತಿಗೆ ಬಿಸಿಲು ಮಾಯವಾಗಿತ್ತು. ಶಿಖರದ ಹಿಂದಿನಿಂದ ಸೀಸದ ಬಣ್ಣದ ಮೋಡ ಇಣುಕಿತು. ಎಲ್ಲೋ ಮರೆಯಲ್ಲಿ ಒಂದು ಗಂಡು ಎಲ್ಕ್ ಜಿಂಕೆ ಕೂಗಿತು. ತುಕ್ಕು ಹಿಡಿದ ಬಾಗಿಲು ತೆರೆದಂಥ ಕೂಗು. ಆಮೇಲೆ ಗಾಳಿ ಎದ್ದಿತು. ಒಂದೇ ಬೀಸಿಗೆ ಇಡೀ ತೋಪು ಅಲುಗಿ, ಹಿಡಿ ಹಿಡಿಯಾಗಿ ಎಲೆ ಆಕಾಶಕ್ಕೆ ಹಾರಿತು.

"ಅತ್ತೆ, ತಿರುಗಿ! ಈಗಲೇ ಇಳಿಯೋಣ."

"ಅದೋ ಆ ಮೂಲೇಲಿ ಇರಬೇಕು ಮರ..."

"ಅತ್ತೆ!"

ಮೊದಲ ಗುಡುಗು ತಲೆಯ ಮೇಲೇ ಒಡೆಯಿತು. ಹಿಂದೆಯೇ ಆಲಿಕಲ್ಲು. ಬಟಾಣಿ ಗಾತ್ರದ ಕಲ್ಲುಗಳು ಹುಲ್ಲಿನ ಮೇಲೆ ಪುಟಿಯತೊಡಗಿದವು. ಇಬ್ಬರೂ ತಲೆಯ ಮೇಲೆ ಕೈಯಿಟ್ಟು ಓಡಿದರು. ತೋಪಿನೊಳಗೆ ಇಳಿಜಾರಿನ ಬಂಡೆಯೊಂದರ ಮೇಲೆ ಎಲೆ ಬಿದ್ದು ಹಾಸಿಗೆಯಾಗಿತ್ತು. ಅದರಡಿ ಬಂಡೆಯಿದೆ ಎಂದು ಪೆರ್ಫೆಕ್ತಾಳಿಗೆ ಗೊತ್ತಾಗಿದ್ದು ಕಾಲು ಜಾರಿದ ಮೇಲೆ. ಬಲಗಾಲು ಮೈಯಡಿಗೆ ಮಡಚಿಕೊಂಡಿತು. ಅವಳು ಕೂಗಲಿಲ್ಲ, ಉಸಿರು ಮಾತ್ರ ಹಿಸ್ಸೆಂದು ಹೊರಬಂತು.

ಸೆನಾಯ್ದಾ ಅವಳ ಕಂಕುಳಿಗೆ ಕೈಕೊಟ್ಟು ದಟ್ಟ ಸ್ಪ್ರೂಸ್ ಮರವೊಂದರ ಕೆಳಗೆ ಎಳೆದು ತಂದು ಕೂರಿಸಿದಳು. ಬೂಟಿನ ದಾರ ಸಡಿಲಿಸಿ ಕಾಲಿನ ಹರಡನ್ನು ಮುಟ್ಟಿ ನೋಡಿದಳು. ಆಸ್ಪತ್ರೆಯಲ್ಲಿ ದಿನವೂ ಇದನ್ನೇ ಮಾಡುವ ಕೈ.

"ಮುರಿದಿಲ್ಲ ಅನ್ಸುತ್ತೆ. ಆದ್ರೆ ನೀವು ನಡೆಯೋ ಹಾಗಿಲ್ಲ." ಒದ್ದೆ ಕೂದಲನ್ನು ಮುಖದಿಂದ ತಳ್ಳಿ ಅವಳು ಸುತ್ತ ನೋಡಿದಳು. "ಯಾವ ಮರ ಅತ್ತೆ? ಇಷ್ಟೆಲ್ಲ ಆಗಿದ್ದು ಯಾವ ಮರಕ್ಕೋಸ್ಕರ? ಕೈ ಮಾಡಿ ತೋರಿಸಿ, ಹೋಗಿ ಓದಿಕೊಂಡು ಬರ್ತೀನಿ."

ಪೆರ್ಫೆಕ್ತಾ ನೆಲ ನೋಡಿದಳು. "ಅಂಥ ಮರಾನೇ ಇಲ್ಲ."

"ಏನು?"

"ನಮ್ಮಪ್ಪ ಈ ಕಡೆ ಬಂದೇ ಇಲ್ಲ. ಕುರಿ ಕಂಡ್ರೆ ಅವನಿಗೆ ಸೀನು ಬರ್ತಿತ್ತು. ಹೆಸರು ಬರೆಯೋಕೂ ಬರ್ತಿರ್ಲಿಲ್ಲ."

ಸೆನಾಯ್ದಾ ನಗುತ್ತಾಳೋ ಅಳುತ್ತಾಳೋ ಎಂದು ಒಂದು ಕ್ಷಣ ತಿಳಿಯಲಿಲ್ಲ. ಅವಳು ಎರಡೂ ಮಾಡಲಿಲ್ಲ. ಕಿರುಚಿದಳು. ನಾಲ್ಕು ವರ್ಷದಲ್ಲಿ ಒಮ್ಮೆಯೂ ದನಿ ಏರಿಸದವಳು ಗುಡುಗಿನ ಮೇಲೂ ಕೇಳುವಂತೆ ಕಿರುಚಿದಳು.

"ನಾನು ಒಂದು ಮಾತಾಡ್ಬಾರ್ದು ಅಂತ ನನ್ನನ್ನ ಬೆಟ್ಟದ ತುದಿಗೆ ಹತ್ತಿಸಿದ್ರಾ? ಸಿಡಿಲು ಬಡಿದಿದ್ರೆ? ಈಗ ಕೇಳಿ, ಈಗ ಓಡಿಹೋಗೋಕೆ ಆಗಲ್ಲ ನಿಮಗೆ. ನಾನು ಹೋಗ್ತಿದೀನಿ. ಟಾವೊಸಿನಲ್ಲಿ ಒಂದು ಮನೆ ನೋಡಿದೀನಿ. ಎರಡು ಕೋಣೆ."

"ಅವನ ಜೊತೆ."

"ಒಬ್ಬಳೇ!" ಸೆನಾಯ್ದಾ ಚೀಲವನ್ನು ನೆಲಕ್ಕೆ ಕುಕ್ಕಿದಳು. "ಎಲ್ಲದಕ್ಕೂ ಒಬ್ಬ ಗಂಡಸು ಇರಲೇಬೇಕಾ? ಆ ಮನೇಲಿ ನಾನು ಸೆಲ್ಸೊನ ಹೆಂಡತಿ. ಊರಲ್ಲಿ ಸೆಲ್ಸೊನ ಹೆಂಡತಿ. ಅವನ ಬೂಟು ಇನ್ನೂ ಬಾಗಿಲ ಹತ್ರ ಇದೆ ಅತ್ತೆ, ದಿನಾ ಅದನ್ನ ದಾಟಿಕೊಂಡು ಕೆಲಸಕ್ಕೆ ಹೋಗ್ತೀನಿ. ನನಗೆ ಮೂವತ್ತೈದು. ಇಡೀ ಜನ್ಮ ಬಾಗಿಲು ಕಾಯ್ತಾ ಕೂತ್ಕೊಳ್ಳೋಕೆ ನನ್ನ ಕೈಲಾಗಲ್ಲ."

ಆಲಿಕಲ್ಲು ನಿಂತು ತೆಳು ಮಳೆಯಾಗಿತ್ತು. ಸೆನಾಯ್ದಾ ತನ್ನ ಜಾಕೆಟ್ ಬಿಚ್ಚಿ ಅತ್ತೆಗೆ ಹೊದಿಸಿದಳು, ಸಿಟ್ಟಿನಲ್ಲೇ, ಗುಂಡಿಗಳನ್ನು ಕಿತ್ತುಬರುವ ಹಾಗೆ ಹಾಕಿದಳು. "ಇಲ್ಲಿ ಫೋನ್ ಸಿಗಲ್ಲ. ದಿಣ್ಣೆ ಮೇಲೆ ಹೋಗಿ ಯಾರನ್ನಾದ್ರೂ ಕರೀತೀನಿ. ಅಲುಗಾಡಬೇಡಿ" ಎಂದು ಹತ್ತಿ ಹೋದಳು.

ಪೆರ್ಫೆಕ್ತಾ ಮರಕ್ಕೆ ಒರಗಿ ಕೂತಳು. ಅಲುಗಾಡದೆ ಕೂರುವುದು ಅವಳಿಗೆ ಯಾವತ್ತೂ ಬಂದದ್ದಲ್ಲ. ಕೈ ತಂತಾನೇ ಸೂಜಿಯೆಲೆಗಳನ್ನು ಕೆದರುತ್ತಿತ್ತು, ಎಡಗಾಲು ನೆಲ ಕೆರೆಯುತ್ತಿತ್ತು. ಆ ಹುಡುಗಿ ತನ್ನನ್ನು ಬಿಟ್ಟು ಇಳಿದುಹೋದರೆ? ಹೋಗುವವಳಲ್ಲ ಎಂದು ಗೊತ್ತಿದ್ದೂ ಕಿವಿ ದಿಣ್ಣೆಯ ಕಡೆಗೇ ಇತ್ತು. ಸೆಲ್ಸೊ ಬಾರದ ಆ ಸಂಜೆಯೂ ಹೀಗೇ ಕಿವಿ ರಸ್ತೆಯ ಕಡೆ ಇತ್ತು. ಅಂದಿನಿಂದ ಅದನ್ನು ಅಲ್ಲಿಂದ ತೆಗೆದದ್ದೇ ಇಲ್ಲ. ಸೊಸೆ ಮನೆಯಲ್ಲಿ ಇರುವ ತನಕ ಮಗ ಕೆಲಸಕ್ಕೆ ಹೋಗಿದ್ದಾನೆ, ಸ್ವಲ್ಪ ತಡವಾಗಿದೆ, ಅಷ್ಟೆ. ಸೊಸೆ ಪೆಟ್ಟಿಗೆ ಎತ್ತಿಕೊಂಡು ಹೊರಟ ದಿನ ಅವನು ಸತ್ತವನೇ ಆಗುತ್ತಾನೆ. ತಾನು ಹೆದರಿದ್ದು ಆ ಗ್ಯಾಸ್ ಲಾರಿಗೆ ಅಲ್ಲ ಎಂದು ಒದ್ದೆ ಮರದ ಕೆಳಗೆ ಅವಳಿಗೆ ತಿಳಿಯಿತು. ತಿಳಿದು ಸಮಾಧಾನವೇನೂ ಆಗಲಿಲ್ಲ. ಯಾರೂ ಕೇಳುವವರಿಲ್ಲದ ಆ ಕಾಡಿನಲ್ಲಿ ಅವಳು ಬಾಯಿಬಿಟ್ಟು ಅತ್ತಳು. ನಾಲ್ಕು ವರ್ಷ ಸೊಸೆ ಎದುರಿಗಿದ್ದಾಳೆ ಎಂದು ಅಷ್ಟು ಜೋರಾಗಿ ಅತ್ತಿರಲಿಲ್ಲ.

ಸೆನಾಯ್ದಾ ಏದುಸಿರು ಬಿಡುತ್ತ ಓಡಿಬಂದಾಗ ಪೆರ್ಫೆಕ್ತಾ ಮುಖ ಒರೆಸಿಕೊಂಡು ಕೂತಿದ್ದಳು.

"ರಕ್ಷಣೆಯವರು ಬರೋಕೆ ಸಂಜೆ ಆಗುತ್ತಂತೆ. ಅದಕ್ಕೇ ಇನ್ನೊಬ್ಬರಿಗೆ ಫೋನ್ ಮಾಡಿದೆ. ಕೆಳಗೆ ರಸ್ತೆ ಪಕ್ಕದ ಬೇಸಿಗೆ ಮನೆಗಳಿಗೆ ಇವತ್ತು ಗ್ಯಾಸ್ ತುಂಬಿಸ್ತಿದಾರೆ..."

"ಓಹೋ."

"ಬೇರೆ ಯಾರೂ ಹತ್ರ ಇಲ್ಲ ಅತ್ತೆ."

"ನಾನೇನಂದೆ? ಓಹೋ ಅಂದೆ, ಅಷ್ಟೆ. ಆ ರೊಟ್ಟಿ ಕೊಡು, ಹೊಟ್ಟೆ ಹಸಿದಿದೆ."

ಇಬ್ಬರೂ ಒಂದೇ ಜಾಕೆಟ್ಟಿನಡಿ ಭುಜಕ್ಕೆ ಭುಜ ಒತ್ತಿಕೊಂಡು ತಣ್ಣಗಾದ ರೊಟ್ಟಿ ತಿಂದರು. ಮೆಣಸಿನಕಾಯಿ ಖಾರಕ್ಕೆ ಇಬ್ಬರ ಮೂಗೂ ಸೋರಿತು.

ಎಲ್ಫೇಗೊ ಬಂದಾಗ ಮೀಸೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಟೋಪಿ ತೆಗೆದ. ಬಗ್ಗಿ ಬೆನ್ನು ಕೊಟ್ಟ. ಪೆರ್ಫೆಕ್ತಾ ಒಲ್ಲೆ ಅಂದಳು, ಒಂದೇ ಕಾಲಲ್ಲಿ ಕುಂಟುತ್ತೇನೆ ಅಂದಳು, ಎರಡು ಹೆಜ್ಜೆಗೆ ಕಣ್ಣಲ್ಲಿ ನೀರು ಬಂದು ಅವನ ಕೊರಳು ಹಿಡಿದಳು. ಸೆನಾಯ್ದಾ ಚೀಲ ಹೊತ್ತು ಮುಂದೆ ದಾರಿ ನೋಡಿಕೊಂಡು ಇಳಿದಳು. ಮಳೆ ನಿಂತು, ಓರೆ ಬಿಸಿಲು ಬಿದ್ದು, ಉಳಿದ ಎಲೆಗಳು ಕಣ್ಣು ಕುಕ್ಕುವಂತೆ ಹೊಳೆಯುತ್ತಿದ್ದವು. ನೋಡಲು ಯಾರಿಗೂ ಪುರಸೊತ್ತಿರಲಿಲ್ಲ.

"ಭಾರ ಇದೀನಾ?" ಸ್ವಲ್ಪ ದೂರ ಬಂದ ಮೇಲೆ ಪೆರ್ಫೆಕ್ತಾ ಕೇಳಿದಳು.

"ಇಲ್ಲಮ್ಮಾ" ಎಂದ ಅವನು, ತೇಕುತ್ತ.

"ಸುಳ್ಳು. ಟ್ಯಾಂಕು ಅರ್ಧ ಇರುವಾಗ ನಮ್ಮನೆಗೆ ಯಾಕೆ ಬರ್ತಿದ್ದೆ?"

ಅವನು ಎರಡು ಬಂಡೆ ದಾಟಿಕೊಂಡು ಹೇಳಿದ: "ನಿಮ್ಮ ಕಾಫಿ ಚೆನ್ನಾಗಿರುತ್ತೆ."

"ಅದೂ ಸುಳ್ಳು. ನನ್ನ ಕಾಫಿ ನನ್ನ ಗಂಡಾನೇ ಕುಡೀತಿರ್ಲಿಲ್ಲ, ಗಿಡಕ್ಕೆ ಸುರೀತಿದ್ದ." ಅವಳು ದನಿ ತಗ್ಗಿಸಿ ಅವನ ಕಿವಿಯಲ್ಲಿ ಕೇಳಿದಳು: "ನೀನು ಅವಳನ್ನ ಕೇಳಿದ್ಯಾ?"

"ಕೇಳ್ದೆ. ಬೇಸಿಗೇಲಿ."

"ಏನಂದ್ಲು?"

"ಈಗ ಬೇಡ ಅಂದ್ಲು. ಮೊದ್ಲು ನನ್ನದೇ ಒಂದು ಬಾಗಿಲು, ಅದಕ್ಕೊಂದು ಬೀಗ, ಅದರ ಕೀ ನನ್ನ ಕೈಲಿ ಇರಬೇಕು ಅಂದ್ಲು. ಆಮೇಲೆ ನೋಡೋಣ ಅಂದ್ಲು."

"ಹಾಗಾದ್ರೆ ನಿನಗೂ ಕೈಕೊಟ್ಲು."

ಎಲ್ಫೇಗೊನಿಗೆ ನಗು ಬಂದು ಕಾಲು ತಪ್ಪಿತು. ಇಬ್ಬರೂ ಒಟ್ಟಿಗೆ ಉರುಳುವುದರಲ್ಲಿದ್ದರು. "ಏನಾಯ್ತು?" ಎಂದು ಸೆನಾಯ್ದಾ ಗಾಬರಿಯಿಂದ ತಿರುಗಿದಳು.

"ನಿನ್ನ ದಾರಿ ನೀನು ನೋಡು" ಎಂದಳು ಪೆರ್ಫೆಕ್ತಾ.

ಮೂಳೆ ಮುರಿದಿರಲಿಲ್ಲ. ಪಟ್ಟಿ ಕಟ್ಟಿ, ಕಾಲನ್ನು ದಿಂಬಿನ ಮೇಲಿಟ್ಟು ಕೂರಬೇಕೆಂದು ವೈದ್ಯರು ಹೇಳಿದರು. ಸೆನಾಯ್ದಾ ಟಾವೊಸಿಗೆ ಫೋನ್ ಮಾಡಿ ಆ ಮನೆಯ ಮಾಲೀಕರಿಗೆ ಇನ್ನೊಂದಿಷ್ಟು ದಿನ ಬಿಟ್ಟು ಬರುತ್ತೇನೆಂದಳು. "ನಿಮ್ಮ ಕಾಲು ವಾಸಿಯಾಗೋವರೆಗೂ ಇರ್ತೀನಿ ಅತ್ತೆ."

ಆ ಮಾತು ಪೆರ್ಫೆಕ್ತಾಳಿಗೆ ಔಷಧಿಗಿಂತ ಹಿತವಾಯಿತು. ಅದೇ ಎಡವಟ್ಟಾಯಿತು. ಬಾವು ಇಳಿಯಿತು, ನೋವು ಹೋಯಿತು. ಅವಳ ಕುಂಟು ಮಾತ್ರ ಹೋಗಲಿಲ್ಲ. ಸೊಸೆ ಆಸ್ಪತ್ರೆಗೆ ಹೊರಟ ಕೂಡಲೇ ಮನೆಯೆಲ್ಲ ತಿರುಗಾಡುವಳು. ಗಾಡಿಯ ಸದ್ದು ಕೇಳಿದರೆ ದಿಂಬಿನ ಮೇಲೆ ಕಾಲು ಹಾಕಿ ನರಳುವಳು. ಹೊರಗೆ ಬಿರುಗಾಳಿ ಬೀಸಿ ಬೆಟ್ಟದ ಹಳದಿಯೆಲ್ಲ ಒಂದೇ ಮಧ್ಯಾಹ್ನದಲ್ಲಿ ಉದುರಿಹೋಯಿತು. ಸೆನಾಯ್ದಾ ಸಂಜೆ ಬಂದು ಅತ್ತೆಯ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಎಣ್ಣೆ ತಿಕ್ಕುತ್ತಿದ್ದಳು. ಕಿಟಕಿಯಾಚೆ ನೋಡುತ್ತಿದ್ದಳು. ಒಂದು ಸಂಜೆ ಹಾಗೆ ತಿಕ್ಕುತ್ತ ತಿಕ್ಕುತ್ತ ಅವಳ ಕೈ ನಿಂತುಹೋಯಿತು. ಕೂತಲ್ಲೇ ಕಣ್ಣು ಮುಚ್ಚಿ ನಿದ್ದೆ ಹೋಗಿದ್ದಳು. ಆ ಮುಖದಲ್ಲಿ ಎಷ್ಟು ದಣಿವಿದೆಯೆಂದು ಪೆರ್ಫೆಕ್ತಾ ಆಗ ನೋಡಿದಳು. ತನ್ನ ಬಗ್ಗೆ ತನಗೇ ಹೇಸಿಗೆಯಾಯಿತು.

ಅವಳು ಸೊಸೆಯ ತೊಡೆಯಿಂದ ಕಾಲು ತೆಗೆದು ಎದ್ದಳು. ಸೆನಾಯ್ದಾ ಬೆಚ್ಚಿ ಎಚ್ಚರಗೊಂಡಳು. ಪೆರ್ಫೆಕ್ತಾ ಅಡಿಗೆಮನೆಯ ಈ ಗೋಡೆಯಿಂದ ಆ ಗೋಡೆಗೆ ದಪದಪ ನಡೆದು ತೋರಿಸಿದಳು.

"ನೋಡು. ನೆಟ್ಟಗಿದೆ. ಹೋದ ವಾರಾನೇ ನೆಟ್ಟಗಾಗಿತ್ತು."

"ಗೊತ್ತು ಅತ್ತೆ" ಎಂದಳು ಸೆನಾಯ್ದಾ. "ನಾನು ದಿನಾ ಕಾಲು ನೋಡೋ ಕೆಲಸ ಮಾಡೋಳು."

"ಗೊತ್ತಿದ್ದೂ ಎಣ್ಣೆ ತಿಕ್ಕಿದ್ಯಾ?"

"ನೀವೇ ಹೇಳಲಿ ಅಂತ ಕಾಯ್ತಿದ್ದೆ."

ಪೆರ್ಫೆಕ್ತಾ ಒಲೆಯ ಕಡೆ ತಿರುಗಿ ಒಂದು ಸೌದೆ ಒಳಗೆ ತಳ್ಳಿದಳು. "ಹೋಗು ಮಗಳೇ" ಎಂದಳು ಕಡೆಗೆ. "ಹಿಮ ಬೀಳೋಕೆ ಮುಂಚೆ ಹೋಗು. ಆಮೇಲೆ ಆ ರಸ್ತೇಲಿ ನೀನು ಸಾಮಾನು ಸಾಗಿಸ್ತಿದ್ರೆ ನನಗೆ ಜೀವ ನಿಲ್ಲಲ್ಲ."

ಸೆನಾಯ್ದಾ ಹೋದಳು. ಎರಡು ಪೆಟ್ಟಿಗೆ, ಒಂದು ಹಾಸಿಗೆ, ಅತ್ತೆ ಬಲವಂತದಿಂದ ತುಂಬಿಸಿದ ಒಂದು ಮೂಟೆ ಬೀನ್ಸು. ಸೆಲ್ಸೊನ ಫೋಟೋ ಯಾರ ಹತ್ತಿರ ಇರಬೇಕೆಂದು ಬಾಗಿಲಲ್ಲಿ ಸ್ವಲ್ಪ ಹೊತ್ತು ಎಳೆದಾಟವಾಗಿ, ನೀನೇ ಇಟ್ಕೊ, ನೀವೇ ಇಟ್ಕೊಳ್ಳಿ ಎಂದಾಗಿ, ಕಡೆಗೆ ಪೆರ್ಫೆಕ್ತಾಳ ಕೈಯಲ್ಲೇ ಉಳಿಯಿತು. ಗಾಡಿ ತಿರುವಿನಲ್ಲಿ ಮರೆಯಾದ ಮೇಲೆ ಅವಳು ಅತ್ತಳು, ಆದರೆ ಸ್ವಲ್ಪವೇ.

ಒಂದು ಭಾನುವಾರ ಫೋನ್ ಬಂತು. ಪಕ್ಕದ ಮನೆ ನಾಯಿ ನಿದ್ದೆ ಮಾಡೋಕೆ ಬಿಡಲ್ಲ ಅತ್ತೆ ಎಂದು ಸೆನಾಯ್ದಾ ದೂರಿದಳು. ಒಂದು ಮೂಳೆ ಎಸಿ ಎಂದಳು ಪೆರ್ಫೆಕ್ತಾ. ಬೀನ್ಸಿಗೆ ಎಷ್ಟು ಬೆಳ್ಳುಳ್ಳಿ ಹಾಕಬೇಕು ಎಂದಳು ಅವಳು. ಇಷ್ಟು ದಿನ ತಿಂದೋಳಿಗೆ ಅಷ್ಟೂ ಗೊತ್ತಿಲ್ವಾ ಎಂದಳು ಇವಳು. ಎಲ್ಫೇಗೊನ ಸುದ್ದಿಯನ್ನು ಇವಳು ಕೇಳಲಿಲ್ಲ, ಅವಳು ಹೇಳಲಿಲ್ಲ. ಫೋನ್ ಇಟ್ಟ ಮೇಲೆ ಪೆರ್ಫೆಕ್ತಾ ಕೂತಳು, ಎದ್ದಳು, ಮತ್ತೆ ಕೂತಳು. ಆಮೇಲೆ ಕೋಟು ತೊಟ್ಟು ಹೊರಗೆ ಬಂದಳು. ಕಾಲುವೆಯ ಏರಿಯ ಮೇಲೆ ತೆಳುವಾಗಿ ಮೊದಲ ಹಿಮ ಬಿದ್ದಿತ್ತು.

ಪಕ್ಕದ ಮನೆಯ ನಾದಿನಿ ಬೆನಿತಾ ಸೌದೆ ಎತ್ತಿಕೊಳ್ಳುತ್ತಿದ್ದವಳು ಬೇಲಿಯಾಚೆಯಿಂದ ಕೂಗಿದಳು. "ಈ ಚಳೀಲಿ ಎಲ್ಲಿಗೆ ಹೊರಟ್ಯೇ?"

"ಎಲ್ಲಿಗೂ ಇಲ್ಲ."

"ಹಾಗಾದ್ರೆ ನಾನೂ ಬರ್ಲಾ?"

"ಬರೋದಾದ್ರೆ ಬೇಗ ಬಾ. ನಾನು ಯಾರಿಗೂ ಕಾಯೋದಿಲ್ಲ" ಎಂದಳು ಪೆರ್ಫೆಕ್ತಾ. ಬೆನಿತಾ ಒಳಗೆ ಹೋಗಿ ಶಾಲು ಹುಡುಕಿ, ಒಲೆ ನೋಡಿ, ಬಾಗಿಲು ಹಾಕಿಕೊಂಡು ಬರುವವರೆಗೂ ಅವಳು ಬೇಲಿಯ ಹತ್ತಿರ ಆ ಕಾಲಿಂದ ಈ ಕಾಲಿಗೆ ಭಾರ ಬದಲಾಯಿಸುತ್ತ ನಿಂತೇ ಇದ್ದಳು.